ಬಂಗಾರದ ಕಪ್ಪೆಗೆ ಲ್ಯಾಮಿನೇಷನ್

ನಾನು ಲ್ಯಾಮಿನೇಷನ್ ಮಾಡಿದ ಕಾಗದದಲ್ಲಿ ಒಂದೇ ಒಂದು ಗಾಳಿಗುಳ್ಳೆ ತೋರಿಸಿದವರಿಗೆ ಚಹಾ ಕುಡಿಸುತ್ತೇನೆ ಎಂದು ಇಪ್ಪತ್ತೆಂಟು ವರ್ಷಗಳಿಂದ ಹೇಳುತ್ತಾ ಬಂದಿದ್ದೇನೆ. ಬೀದರ್ ಕಡೆಯಿಂದ ಬಂದು ಹೈದರಾಬಾದಿನ ಕುಷಾಯಿಗೂಡದಲ್ಲಿ ಅಂಗಡಿ ಇಟ್ಟ ದಿನದಿಂದಲೂ ಇದು ನನ್ನ ಪಂದ್ಯ. ಅಂಗಡಿ ಸಣ್ಣದು: ಎರಡು ಝೆರಾಕ್ಸ್ ಮಷೀನು, ಒಂದು ಲ್ಯಾಮಿನೇಷನ್ ಮಷೀನು, ಮೂರು ಸ್ಟೂಲು. ಹತ್ತಿರದ ಕಾರ್ಖಾನೆಯ ಜನ, ಕಾಲೇಜಿನ ಜನ, ಪಿಂಚಣಿಯ ಮುದುಕರು ಎಲ್ಲರೂ ಬರುತ್ತಾರೆ. ಚಹಾ ಮಾತ್ರ ಯಾರಿಗೂ ಕುಡಿಸುವ ಪ್ರಸಂಗ ಬಂದಿರಲಿಲ್ಲ.

ನಮ್ಮ ಮನೆಯಲ್ಲಿ ಬೆಲೆಬಾಳುವುದು ಎಂದರೆ ಕೊರಳಿಗೆ ಹಾಕಿಕೊಳ್ಳುವಂಥದ್ದು. ಲಿಂಗ ಕೊರಳಲ್ಲಿ, ತಾಳಿ ಕೊರಳಲ್ಲಿ, ಕಾರ್ಖಾನೆಯವರ ಪಾಸೂ ಕೊರಳಲ್ಲಿ. ಕೊರಳಲ್ಲಿ ಇದ್ದದ್ದು ಕಳೆಯುವುದಿಲ್ಲ ಎಂದು ನನ್ನ ಅವ್ವ ಹೇಳುತ್ತಿದ್ದಳು. ಆದ್ದರಿಂದ ಯಾವುದಾದರೂ ವಸ್ತು ಮುಖ್ಯ ಎಂದು ನನಗನಿಸಿದರೆ ಸಾಕು, ಅದಕ್ಕೆ ಪ್ಲಾಸ್ಟಿಕ್ ಹೊದಿಸಿ, ಬಿಸಿ ಕೊಟ್ಟು, ಮೂಲೆ ದುಂಡಗೆ ಕತ್ತರಿಸಿ, ಮೇಲೆ ಉದ್ದನೆಯ ತೂತು ಹೊಡೆದು ದಾರ ಪೋಣಿಸಿಬಿಡುತ್ತೇನೆ. ನಮ್ಮ ಲಗ್ನಪತ್ರಿಕೆ ಹಾಗೆ ಗೋಡೆಗೆ ತೂಗುತ್ತಿದೆ. ಗ್ಯಾಸಿನ ಪುಸ್ತಕದ ಮೊದಲ ಹಾಳೆ ತೂಗುತ್ತಿದೆ. ಅತ್ತೆ ಬರೆದುಕೊಟ್ಟ ಮಸಾಲೆ ಖಾರದ ಅಳತೆ ಒಲೆಯ ಮೇಲೆ ತೂಗುತ್ತಿದೆ. ಅಂಗಡಿಯ ಬೀಗದ ಕೈಗೂ ಅಂಗೈಯಗಲದ ಒಂದು ಬಿಲ್ಲೆ ಮಾಡಿ ಕಟ್ಟಿದ್ದೇನೆ. ಒಂದು ಕಡೆ ಅಂಗಡಿಯ ಹೆಸರು, ಇನ್ನೊಂದು ಕಡೆ ನನ್ನ ಹೆಂಡತಿ ಅಂಟಿಸಿದ ದೇವರ ದೊಡ್ಡ ಸ್ಟಿಕ್ಕರು, ಅದರ ಸುತ್ತ ಒಂದಿಷ್ಟು ನೀಲಿ ಅಂಚು.

“ನನ್ನೂ ಒಂದಿನ ಆ ಮಷೀನಿನ್ಯಾಗ ಹಾಕಿಬಿಡ್ರಿ, ಮುಪ್ಪಾಗೂದು ತಪ್ಪತೈತಿ” ಎಂದು ಅವಳು ಆಗಾಗ ಚುಚ್ಚುತ್ತಾಳೆ.

ನನಗೆ ಸಿಟ್ಟು ಮೂಗಿನ ತುದಿಯಲ್ಲಿ. ಇದನ್ನು ನಾನೇ ಹೇಳಿಬಿಡುವುದು ಮರ್ಯಾದೆ, ಯಾಕೆಂದರೆ ಇಡೀ ಓಣಿಗೆ ಗೊತ್ತು. ಆ ಸಿಟ್ಟಿನ ದೊಡ್ಡ ಪಾಲು ಹದಿನೈದು ವರ್ಷಗಳಿಂದ ಒಂದು ಕಪ್ಪೆಯ ಮೇಲೆ ಹೋಗಿದೆ.

ಅದು ಕಾರ್ಟೂನಿನ ಕಪ್ಪೆ. ಕೈಯಲ್ಲಿ ಕೊಡೆ, ಮುಖದಲ್ಲಿ ಸದಾ ನಗು. ನನ್ನ ಮಗಳು ಚಿಕ್ಕವಳಿದ್ದಾಗ ಚಿಪ್ಸಿನ ಪೊಟ್ಟಣದೊಳಗೆ ಅದರ ಚಿತ್ರದ ಕಾರ್ಡು ಬರುತ್ತಿತ್ತು. ಊರ ಮಕ್ಕಳೆಲ್ಲ ಕೂಡಿಟ್ಟವು, ಆಡಿದವು, ದೊಡ್ಡವಾದವು, ಮರೆತವು. ನನ್ನ ಮಗಳು ಮರೆಯಲಿಲ್ಲ. ಕಾಲೇಜಿಗೆ ಹೋದಳು, ಕಪ್ಪೆ ಜೊತೆಗೆ ಹೋಯಿತು. ಸಾಫ್ಟ್‌ವೇರ್ ಕಂಪನಿ ಸೇರಿದಳು, ಕಪ್ಪೆಗೆ ಕಪ್ಪು ಅಟ್ಟೆಯ ಆಲ್ಬಮ್ ಬಂತು. ನಾನು ಅದಕ್ಕೆ ಕಪ್ಪೆರಾಯ ಎಂದು ಹೆಸರಿಟ್ಟಿದ್ದೆ, ಪ್ರೀತಿಯಿಂದ ಅಲ್ಲ. “ಇಪ್ಪತ್ತೈದು ವರ್ಷದ ಹೆಣಮಗಳು ರದ್ದಿ ಕಾಗದಕ್ಕ ಅಂಗಿ ತೊಡಸಾಕತ್ತಾಳ ನೋಡ್ರಿ” ಎಂದು ಬಂದ ನೆಂಟರ ಮುಂದೆಲ್ಲ ಹೇಳುತ್ತಿದ್ದೆ. ಅವಳು ತನ್ನ ಪಾಡಿಗೆ ಆಲ್ಬಮ್ ಬಿಚ್ಚಿ ಕೂರುತ್ತಿದ್ದಳು. ಕಾರ್ಡಿನ ಅಂಚು ಹಿಡಿದು, ಉಸಿರು ತಾಗದ ಹಾಗೆ, ಅದರ ಜೇಬಿನಿಂದ ಜೇಬಿಗೆ ಸರಿಸುತ್ತಿದ್ದಳು.

ಆ ಆಲ್ಬಮ್ಮಿನ ಮೊದಲ ಪುಟದಲ್ಲಿ ಒಂಬತ್ತು ಜೇಬುಗಳು. ಕಪ್ಪೆರಾಯನ ಮಳೆಗಾಲದ ಒಂಬತ್ತು ಕಾರ್ಡುಗಳದ್ದು ಒಂದು ಜೋಡಣೆಯಂತೆ. ಎಂಟು ಇದ್ದವು, ಒಂಬತ್ತನೆಯ ಜೇಬು ಖಾಲಿ. ಆ ಒಂಬತ್ತನೆಯದು ಹೈದರಾಬಾದಿನಲ್ಲೇ ಒಬ್ಬರ ಬಳಿ ಇದೆ ಎಂದು ಕೊನೆಗೂ ಪತ್ತೆಯಾಗಿತ್ತು. ಅವರು ನಿವೃತ್ತ ಹಲ್ಲಿನ ಡಾಕ್ಟರು. ಅದಕ್ಕೆ ಬದಲಾಗಿ ನನ್ನ ಮಗಳ ಹತ್ತಿರವಿದ್ದ ಬಂಗಾರದ ಕಪ್ಪೆ ಎಂಬ ಇನ್ನೊಂದು ಕಾರ್ಡನ್ನೇ ಕೇಳಿದ್ದರು, ಬೇರೇನೂ ಬೇಡವೆಂದಿದ್ದರು. ಭಾನುವಾರ ಕೂಕಟ್‌ಪಲ್ಲಿಯಲ್ಲಿ ಕಾರ್ಡಿನವರ ಸಂತೆ, ಅಲ್ಲಿ ಕೈ ಬದಲು. ಅವಳು ಎರಡು ವಾರದಿಂದ ಗುನುಗುನು ಹಾಡಿಕೊಂಡು ಓಡಾಡುತ್ತಿದ್ದಳು.

ಶನಿವಾರ ಮಧ್ಯಾಹ್ನ ಅವಳು ಪ್ರವೇಶದ ಚೀಟಿ ಪ್ರಿಂಟ್ ತೆಗೆಯಲು ಅಂಗಡಿಗೆ ಬಂದಳು. ಆಲ್ಬಮ್ಮನ್ನು ಮೇಜಿನ ಮೇಲೆ ಇಟ್ಟು, “ಅಪ್ಪಾ, ಉಂಡು ಬರ್ತೀನಿ, ನೋಡ್ಕೋ” ಎಂದು ಮನೆಗೆ ಹೋದಳು. ನೋಡ್ಕೋ ಎಂದರೆ ಮುಟ್ಟಬೇಡ ಎಂದು ಅರ್ಥ ಎಂಬುದು ನನಗೆ ಸಂಜೆ ತಿಳಿಯಿತು.

ಆಗಲೇ ಪಕ್ಕದ ಅಪಾರ್ಟ್‌ಮೆಂಟಿನ ಇಂಜಿನಿಯರಮ್ಮ ಪಾಸ್‌ಪೋರ್ಟ್ ಝೆರಾಕ್ಸಿಗೆ ಬಂದರು. ಮಂಗಳೂರಿನವರು, ನಾನು ಕನ್ನಡದವನೆಂದು ಗೊತ್ತಾದಂದಿನಿಂದ ನಮ್ಮಲ್ಲಿಗೇ ಬರುತ್ತಾರೆ. ಮಷೀನು ಓಡುತ್ತಿರುವಾಗ ಆಲ್ಬಮ್ ಬಿಚ್ಚಿ ಕಣ್ಣು ಹಾಯಿಸಿದವರು ಹಾಗೆಯೇ ನಿಂತರು.

“ಇದು ಬಂಗಾರದ ಕಪ್ಪೆ ಅಲ್ವಾ? ಇದರ ಬೆಲೆ ಗೊತ್ತುಂಟಾ ನಿಮಗೆ?”

“ರದ್ದಿಗೆಂಥಾ ಬೆಲೀರಿ?” ಎಂದೆ.

“ರದ್ದಿಯಾ! ಇದೊಂದು ಕೊಟ್ರೆ ಹೊಸ ಸ್ಕೂಟರ್ ಬರ್ತದೆ. ಇಂಡಿಯಾದಲ್ಲಿ ನಾಲ್ಕೋ ಐದೋ ಇರಬಹುದಷ್ಟೇ. ನಿಮ್ಮ ಮಗಳು ಭಾರೀ ಹುಷಾರು. ಜೋಪಾನ ಮಾಡಿ ಮಾರಾಯ್ರೆ, ಹೀಗೆ ಮೇಜಿನ ಮೇಲೆಲ್ಲ ಬಿಡ್ಬೇಡಿ!”

ಅವರು ಹೋದ ಮೇಲೆ ನಾನು ಮೊಟ್ಟಮೊದಲ ಬಾರಿಗೆ ಕಪ್ಪೆರಾಯನನ್ನು ಕಣ್ಣಿಟ್ಟು ನೋಡಿದೆ. ಚೆಂದವಿತ್ತು. ಬಂಗಾರದ ಬಣ್ಣದ ಕೊಡೆಯ ಮೇಲೆ ಮಳೆಹನಿ ಒಂದೊಂದೂ ಬೇರೆ ಬೇರೆಯಾಗಿ ಹೊಳೆಯುತ್ತಿತ್ತು. ಇಂಥದ್ದನ್ನು ಹತ್ತು ವರ್ಷದವಳಿದ್ದಾಗಿನಿಂದ ಗುರುತಿಸಿ, ಕೂಡಿಸಿ, ಕಾಪಾಡಿಕೊಂಡು ಬಂದಿದ್ದಾಳೆ, ನಾನು ಕತ್ತೆಯ ಹಾಗೆ ಅರಚುತ್ತಾ ಬಂದಿದ್ದೇನೆ ಎನಿಸಿ ನಾಚಿಕೆಯಾಯಿತು. ನಾಚಿಕೆಯ ಹಿಂದೆಯೇ ಅಭಿಮಾನ ಉಕ್ಕಿತು. ಇಷ್ಟು ಬೆಲೆಬಾಳುವ ಕಾರ್ಡು ತೆಳ್ಳನೆಯ ಸಂಚಿಯೊಳಗೆ, ಬೆಚ್ಚಗಿನ ಹೊದಿಕೆಯಿಲ್ಲದೆ, ಲ್ಯಾಮಿನೇಷನ್ನಿನವನ ಮನೆಯಲ್ಲಿ!

ಮುಂದಿನದನ್ನು ಬರೆಯುವಾಗ ಈಗಲೂ ಕೈ ತಡೆಯುತ್ತದೆ. ಪದವಿ ಪತ್ರಗಳಿಗೆಂದೇ ಬೇಗಂ ಬಜಾರಿನಿಂದ ತಂದಿಟ್ಟಿದ್ದ ದಪ್ಪ ಪ್ಲಾಸ್ಟಿಕ್ ತೆಗೆದೆ. ಕೈ ತೊಳೆದುಕೊಂಡೆ. ಮಷೀನು ಕಾದು ಹಸಿರು ದೀಪ ಹತ್ತುವವರೆಗೆ ಕಾದೆ. ಕಪ್ಪೆರಾಯನನ್ನು ನೆಟ್ಟಗೆ ಕೂರಿಸಿ ಒಳಗೆ ಬಿಟ್ಟೆ. ಆ ಕಡೆಯಿಂದ ಅವನು ಗಾಜಿನ ಹಾಗೆ ಮಿಂಚುತ್ತಾ ಹೊರಬಂದ. ಮೂಲೆ ದುಂಡಗೆ ಮಾಡಿದೆ. ಮೇಲಿನ ಬಿಳಿ ಅಂಚಿನಲ್ಲಿ ಕಟಕ್ ಎಂದು ತೂತು ಹೊಡೆದು, ಇದ್ದುದರಲ್ಲೇ ಒಳ್ಳೆಯ ಕೆಂಪು ಪಟ್ಟಿ ಪೋಣಿಸಿದೆ. ನಾಳೆ ಸಂತೆಗೆ ಕೊರಳಲ್ಲಿ ಹಾಕಿಕೊಂಡೇ ಹೋಗಲಿ, ಯಾವ ಕಳ್ಳನ ಅಪ್ಪನೂ ಕದಿಯುವುದಿಲ್ಲ ಎಂದು ನನ್ನ ಲೆಕ್ಕ.

ಅವಳು ಬಂದಾಗ ಎರಡೂ ಕೈಯಲ್ಲಿ ಹಿಡಿದು, ಬಹುಮಾನ ಕೊಡುವವನ ಹಾಗೆ, ಮುಂದೆ ಚಾಚಿದೆ.

ಅವಳು ಕಿರುಚಲಿಲ್ಲ. ಸ್ಟೂಲಿನ ಮೇಲೆ ಕೂತಳು. ಕಾರ್ಡನ್ನು ತಿರುಗಿಸಿ ತಿರುಗಿಸಿ ನೋಡಿದಳು, ತೂತಿನ ಮೇಲೆ ಬೆರಳಾಡಿಸಿದಳು.

“ಅಪ್ಪಾ, ಇದ್ಯಾಕ ಮಾಡಿದಿ?”

“ನೂರು ವರ್ಷ ಏನೂ ಆಗೂದಿಲ್ಲ ನೋಡವಾ ಇನ್ನ!”

“ಆಗೂದೆಲ್ಲಾ ಆಗಿಹೋತು. ಬಿಸಿ ತಾಗಿದ್ದು, ತೂತು ಬಿದ್ದದ್ದು ಯಾರೂ ತಗೊಳ್ಳೂದಿಲ್ಲ. ಹೆಂಗ ಹುಟ್ಟಿತ್ತೋ ಹಂಗ ಇದ್ರನ ಅದಕ್ಕ ಬೆಲೆ. ಈಗ ಇದು ಬರೇ ಪ್ಲಾಸ್ಟಿಕ್. ನಾಳೆ ಡಾಕ್ಟರ್ ಕೊಡೂದಿಲ್ಲ.”

ತಪ್ಪು ಮಾಡಿದವನ ಬಾಯಿ ದೊಡ್ಡದು. ನಾನು ಕೂಗಾಡಿದೆ. ಕಾಪಾಡಿದ್ದೂ ತಪ್ಪಾ, ಮೊದಲೇ ಹೇಳಲಿಕ್ಕೆ ನಿನಗೇನಾಗಿತ್ತು, ಆ ಒಂಬತ್ತನೆಯದು ಇಲ್ಲದಿದ್ದರೆ ಪ್ರಪಂಚ ಮುಳುಗುತ್ತದಾ ಎಂದೆ. ಆಗ ಅವಳು ತಲೆ ಎತ್ತಿ ನೋಡಿದಳು.

“ಒಂಬತ್ತನೇದು ನನ್ನ ಕಡೆ ಇತ್ತಪ್ಪಾ. ಆರನೇ ಕ್ಲಾಸಿನ ಪರೀಕ್ಷಾದಾಗ ಓದೂದು ಬಿಟ್ಟು ಆಡಾಕತ್ತೀಯಂತ ನೀನ ಕಸಗೊಂಡಿ. ಎರಡು ದಿನ ಅತ್ತೀನಿ. ಎಲ್ಲಿ ಒಗದಿ ಅಂತ ಕೇಳಿದ್ರ ನೆನಪಿಲ್ಲ ಅಂದಿ. ಅವತ್ತಿಂದ ಹುಡುಕಾಕತ್ತೀನಿ.”

ನನಗೆ ನಿಜವಾಗಿಯೂ ನೆನಪಿರಲಿಲ್ಲ. ಪರೀಕ್ಷೆ ನೆನಪಿತ್ತು, ಅವಳ ಅಳು ನೆನಪಿತ್ತು, ಕಾರ್ಡು ಮಾತ್ರ ನೆನಪಿರಲಿಲ್ಲ. ಒಂದು ಸಲ ಕಿತ್ತುಕೊಂಡು ಕಳೆದೆ, ಹದಿನೈದು ವರ್ಷ ಬಿಟ್ಟು ಅದನ್ನು ತರುವ ದಾರಿಗೂ ಪ್ಲಾಸ್ಟಿಕ್ ಹಾಕಿದೆ. ಅವಳು ಹೋದ ಮೇಲೆ ಅಂಚು ಬಿಡಿಸಲು ಬ್ಲೇಡು ಹಿಡಿದು ಕೂತೆ. ಬಿಡಲಿಲ್ಲ. ನಾನು ಹಾಕಿದ್ದು ಯಾವತ್ತಾದರೂ ಬಿಟ್ಟಿದೆಯೇ? ಅವತ್ತು ಮೊದಲ ಬಾರಿಗೆ ನನ್ನ ಕೆಲಸದ ಅಚ್ಚುಕಟ್ಟಿನ ಮೇಲೆ ನನಗೇ ಸಿಟ್ಟು ಬಂತು.

ಭಾನುವಾರ ಬೆಳಿಗ್ಗೆ ಅವಳು ಹೇಗೂ ಒಮ್ಮೆ ಡಾಕ್ಟರಿಗೆ ಮುಖ ತೋರಿಸಿ ವಿಷಯ ಹೇಳಿ ಬರುತ್ತೇನೆಂದು ಹೊರಟಳು. ನಾನೂ ಅಂಗಿ ಹಾಕಿಕೊಂಡೆ.

“ನೀ ಯಾಕ?”

“ತಪ್ಪು ಮಾಡಿದಾಂವ ನಾ. ಬೈಸಿಕೊಳ್ಳಾವ್ನೂ ನಾನ ಆಗಬೇಕು.”

“ಹೋಗ್ರಿ, ಹೋಗ್ರಿ. ಅಲ್ಲಿ ಮತ್ತ್ಯಾರ್ದೂ ಲ್ಯಾಮಿನೇಷನ್ ಮಾಡಿಬರಬ್ಯಾಡ್ರಿ” ಎಂದಳು ನನ್ನ ಹೆಂಡತಿ ಬಾಗಿಲಿಂದ. ಮಗಳಿಗೆ ಅಷ್ಟರಲ್ಲೂ ನಗು ಬಂತು, ಹಲ್ಲು ಕಚ್ಚಿ ತಡೆದಳು.

ಹಬ್ಸಿಗೂಡಕ್ಕೆ ಆಟೋ, ಅಲ್ಲಿಂದ ಮೆಟ್ರೋ, ಅಮೀರ್‌ಪೇಟೆಯಲ್ಲಿ ಬದಲಿ. ಇಡೀ ದಾರಿ ಬಂಗಾರದ ಕಪ್ಪೆ ನನ್ನ ಅಂಗಿಯ ಜೇಬಿನಲ್ಲಿತ್ತು, ಕೆಂಪು ಪಟ್ಟಿ ಹೊರಗೆ ಇಣುಕುತ್ತಿತ್ತು. ಅವಳು ಕಿಟಕಿಯ ಆಚೆ ನೋಡುತ್ತಿದ್ದಳು.

ಸಂತೆ ಎಂದರೆ ಗದ್ದಲವಿರುತ್ತದೆ ಎಂದುಕೊಂಡಿದ್ದೆ. ಕೂಕಟ್‌ಪಲ್ಲಿಯಲ್ಲಿ ಟಿಫಿನ್ ಸೆಂಟರಿನ ಮೇಲ್ಮಹಡಿಯ ದೊಡ್ಡ ಹಾಲ್ ಅದು. ಕೆಳಗಿನಿಂದ ದೋಸೆಯ ವಾಸನೆ ಬರುತ್ತಿದ್ದರೂ ಮೇಲೆ ಗುರುಮಠದ ಶಾಂತಿ. ನೂರಾರು ಜನ, ಎಲ್ಲರೂ ಬೆಳೆದವರೇ. ಹೊಟ್ಟೆ ಬಂದವರು, ಮೀಸೆ ನರೆತವರು, ಕೂಸು ಎತ್ತಿಕೊಂಡ ಗಂಡಹೆಂಡತಿ. ಕೈಗವಸು ಹಾಕಿ, ಭೂತಗನ್ನಡಿ ಹಿಡಿದು ಕಾರ್ಡು ನೋಡುತ್ತಿದ್ದರು. ಕೈ ಬದಲಾಗುವಾಗ ಒಂದು ಪದ್ಧತಿ. ಎರಡೂ ಕಾರ್ಡನ್ನು ಮೇಜಿನ ಮೇಲೆ ಇಟ್ಟು, “ಪಕ್ಕಾ?” ಎಂದು ಒಬ್ಬ ಕೇಳಬೇಕು, “ಪಕ್ಕಾ” ಎಂದು ಇನ್ನೊಬ್ಬ ಹೇಳಬೇಕು. ಹೀಗೆ ಮೂರು ಸಲ. ಆಮೇಲೆ ದೇವರು ಬಂದು ಕೇಳಿದರೂ ವಾಪಸಿಲ್ಲ. ನಮ್ಮ ಕಡೆ ನಿಶ್ಚಿತಾರ್ಥದಲ್ಲೂ ಇಷ್ಟು ಬಿಗಿ ಇರುವುದಿಲ್ಲ.

ಡಾಕ್ಟರ್ ಸಾಹೇಬರು ಕಿಟಕಿಯ ಪಕ್ಕದ ಮೇಜಿನಲ್ಲಿದ್ದರು. ತೆಳ್ಳಗಿನ ಮನುಷ್ಯ, ಇಸ್ತ್ರಿ ಮಾಡಿದ ಬಿಳಿ ಅಂಗಿ. ಮಗಳು ಬಾಯಿ ತೆರೆಯುವ ಮೊದಲೇ ನಾನು ಕಪ್ಪೆರಾಯನನ್ನು ಅವರ ಮುಂದಿಟ್ಟು, ನನಗೆ ಬರುವ ಹಿಂದಿಯಲ್ಲಿ, ತಪ್ಪು ನನ್ನದು, ಹುಡುಗಿಯದಲ್ಲ ಎಂದುಬಿಟ್ಟೆ.

ಅವರು ಭೂತಗನ್ನಡಿಯಲ್ಲಿ ಬಹಳ ಹೊತ್ತು ನೋಡಿದರು. ಹಲ್ಲು ಕೀಳಲೇಬೇಕು ಎಂದು ಹೇಳುವ ಮೊದಲು ಡಾಕ್ಟರ್ ಮುಖ ಹೇಗಾಗುತ್ತದೆಯೋ ಹಾಗಾಯಿತು.

“ಅರೆ ಸಾಬ್, ಯೇ ತೋ ಖತಂ ಹೋಗಯಾ” ಎಂದರು ಮೆಲ್ಲಗೆ. ಇದು ಮುಗಿಯಿತು ಎಂದು.

ಕೊಡುವುದಿಲ್ಲ ಎಂದು ಅವರೇನೂ ಒರಟಾಗಿ ಹೇಳಲಿಲ್ಲ. ತಮ್ಮ ಒಂಬತ್ತನೆಯದು ಮೂವತ್ತು ಕಾರ್ಡು ಕೊಟ್ಟು ಪಡೆದದ್ದು, ಪ್ಲಾಸ್ಟಿಕ್ಕಿಗೆ ಹೇಗೆ ಬದಲಿಸಲಿ ಎಂದರು. ನ್ಯಾಯವಾದ ಮಾತೇ. ನಾನು ಸುಮ್ಮನಿದ್ದಿದ್ದರೆ ಆಗುತ್ತಿತ್ತು. ಆದರೆ ಝೆರಾಕ್ಸಿನವನ ಬುದ್ಧಿ ಎಲ್ಲಿ ಹೋಗಬೇಕು?

“ಸಾಬ್, ಎರಡು ನಿಮಿಷ ನಿಮ್ಮ ಕಾರ್ಡು ಕೊಡಿ. ಕೆಳಗೆ ಅಂಗಡಿ ಇದೆ. ಕಲರ್ ಝೆರಾಕ್ಸ್ ತೆಗೆದುಕೊಂಡು ಬರ್ತೀನಿ. ನಿಮ್ಮದು ನಿಮಗೆ, ಒಂದು ನಮಗೆ. ಯಾವುದು ಅಸಲಿ ಅಂತ ನಿಮಗೂ ಗೊತ್ತಾಗಬಾರದು, ಹಂಗೆ!”

ಪಕ್ಕದ ಮೇಜಿನವ ತನ್ನ ಕಾರ್ಡುಗಳನ್ನು ಎದೆಗವಚಿಕೊಂಡ. ಯಾರೋ “ನಕಲಿ?” ಎಂದು ಪಿಸುಗುಟ್ಟಿದರು. ಡಾಕ್ಟರ್ ಸಾಹೇಬರು, “ನಕ್ಕೋ ಸಾಬ್, ಐಸಾ ಬೋಲ್ನಾ ಭೀ ನಕ್ಕೋ” ಎಂದು, ಹಾಗೆ ಆಡಲೂಬೇಡಿ ಎನ್ನುತ್ತಾ, ಕಿವಿ ಮುಚ್ಚಿಕೊಂಡರು. ಮಗಳು ನನ್ನ ತೋಳು ಹಿಡಿದು ಎಳೆದಳು.

“ಅಪ್ಪಾ, ಬಾಯಿ ಮುಚ್ಚು. ನಾವು ಹೊಂಟೀವಿ.”

ಆಗ ನನಗೆ ರೋಷ ಬಂತು, ಅವರ ಮೇಲಲ್ಲ. “ಹೊಂಟೀವಿ, ಆದ್ರ ಒಂದು ಮಾತು” ಎಂದವನು ಹಾಲಿಗೆಲ್ಲ ಕೇಳುವ ಹಾಗೆ ಹಿಂದಿ, ತೆಲುಗು, ಕನ್ನಡ ಎಲ್ಲ ಸೇರಿಸಿ ಹೇಳಿದೆ: “ನಾನು ದಡ್ಡ, ಒಪ್ಪಿಕೊಂಡೆ. ನನ್ನ ಮಗಳನ್ನು ಹಗುರ ಮಾಡಬೇಡಿ. ಅವಳು ಹತ್ತು ವರ್ಷದವಳಿದ್ದಾಗಿನಿಂದ ಕೂಡಿಸಿದ್ದಾಳೆ. ಮನೆಯಲ್ಲಿ ಒಬ್ಬರೂ ಒಂದು ಒಳ್ಳೆಯ ಮಾತು ಆಡಲಿಲ್ಲ, ಆದರೂ ಕೂಡಿಸಿದಳು. ನೀವೆಲ್ಲ ಇಲ್ಲಿ ಒಬ್ಬರಿಗೊಬ್ಬರು ಇದ್ದೀರಿ. ಅವಳಿಗೆ ಯಾರಿದ್ದರು? ಒಬ್ಬಳೇ ಮಾಡಿದಳು. ಇಂಥ ಆಲ್ಬಮ್ ಇದ್ದವರು ಯಾರಾದರೂ ಇದ್ದರೆ ಮುಂದೆ ಬನ್ನಿ!”

ಯಾರೂ ಬರಲಿಲ್ಲ. ಮಗಳು ನನ್ನ ತೋಳು ಬಿಟ್ಟಿರಲಿಲ್ಲ, ಎಳೆಯುವುದನ್ನು ಮಾತ್ರ ನಿಲ್ಲಿಸಿದ್ದಳು.

ಡಾಕ್ಟರ್ ಸಾಹೇಬರು ಎದ್ದು ಕುರ್ಚಿ ಎಳೆದು ಕೊಟ್ಟರು. “ಬೈಠಿಯೇ” ಎಂದು ನನ್ನನ್ನು ಕೂರಿಸಿ, “ಕೊಡೋಕಾಗಲ್ಲ ಅಮ್ಮಾ, ತೋರಿಸೋಕೇನು?” ಎಂದು ಮಗಳಿಗೆ ತೆಲುಗಿನಲ್ಲಿ ಹೇಳಿ, ಗಾಜಿನ ಪೆಟ್ಟಿಗೆಯಿಂದ ಒಂಬತ್ತನೆಯ ಕಾರ್ಡು ತೆಗೆದು ಮೇಜಿನ ಮೇಲೆ ಇಟ್ಟರು.

ಕಪ್ಪೆರಾಯ ಕೊಡೆಯನ್ನು ತಲೆಕೆಳಗು ಮಾಡಿ ಅದರೊಳಗೆ ಕೂತು ದೋಣಿಯ ಹಾಗೆ ತೇಲುತ್ತಿದ್ದ. ಸುತ್ತ ನೀರು. ನೀಲಿ ನೀರು.

ಆ ನೀಲಿ ನನಗೆ ಗೊತ್ತಿತ್ತು. ದಿನಕ್ಕೆ ಎರಡು ಸಲ, ಹದಿನೈದು ವರ್ಷ, ನಾನು ಆ ನೀಲಿಯನ್ನು ನೋಡಿದ್ದೇನೆ. ಪ್ಯಾಂಟಿನ ಜೇಬಿಗೆ ಕೈ ಹಾಕಿದೆ. ಭಾನುವಾರವಾದರೂ ಅಂಗಡಿಯ ಬೀಗದ ಕೈ ನನ್ನನ್ನು ಬಿಟ್ಟಿರುವುದಿಲ್ಲ. ಅದನ್ನು ತೆಗೆದು ಮೇಜಿನ ಮೇಲಿಟ್ಟು, ಬಿಲ್ಲೆಯನ್ನು ತಿರುಗಿಸಿ, ದೇವರಿಗೆ ಕೈ ಮುಗಿದು, ಸ್ಟಿಕ್ಕರಿನ ಮೂಲೆಯನ್ನು ಉಗುರಿನಿಂದ ಎಬ್ಬಿಸಿದೆ. ಪ್ಲಾಸ್ಟಿಕ್ಕಿನ ಮೇಲಿನ ಸ್ಟಿಕ್ಕರು, ಹಾಳೆ ಹಾಳೆಯಾಗಿ ಸುಲಿದು ಬಂತು. ದೇವರ ಪಾದ ಹೋಗಿ ಕೊಡೆ ಬಂತು. ದೇವರ ಕಿರೀಟ ಹೋಗಿ ಎರಡು ಉಬ್ಬಿದ ಕಣ್ಣು ಬಂದವು.

ಆಗ ಎಲ್ಲ ನೆನಪಾಯಿತು. ಬೀಗದ ಕೈಗೆ ಬಿಲ್ಲೆ ಮಾಡಲು ಗಟ್ಟಿ ರಟ್ಟು ಬೇಕಿತ್ತು. ಆ ಬೆಳಿಗ್ಗೆ ಮಗಳಿಂದ ಕಿತ್ತುಕೊಂಡದ್ದು ಜೇಬಿನಲ್ಲಿತ್ತು. ಹಿಂದೆ ಅಂಗಡಿಯ ಹೆಸರು ಅಂಟಿಸಿ, ಮಷೀನಿಗೆ ಹಾಕಿ, ತೂತು ಹೊಡೆದೆ. ಅಂಗಡಿಯವನ ಬೀಗದ ಕೈಯಲ್ಲಿ ಕಪ್ಪೆ ತೂಗಿದರೆ ಜನ ನಗುತ್ತಾರೆಂದು ಹೆಂಡತಿ ಅದರ ಮೇಲೆ ದೇವರನ್ನು ಕೂರಿಸಿದಳು. ಮುಗಿಯಿತು, ಮರೆತೆವು.

“ಅಪ್ಪಾ” ಎಂದಳು ಮಗಳು. ಆಮೇಲೆ ನಗಲು ಶುರು ಮಾಡಿದಳು. ಹೊಟ್ಟೆ ಹಿಡಿದು, ಮೇಜಿಗೆ ಹಣೆ ಹಚ್ಚಿ, ಕಣ್ಣಲ್ಲಿ ನೀರು ಬರುವವರೆಗೆ ನಕ್ಕಳು. ಕೊನೆಕೊನೆಗೆ ಅದು ನಗುವೋ ಅಳುವೋ ನನಗೆ ತಿಳಿಯಲಿಲ್ಲ, ನನ್ನದೂ ಅದೇ ಸ್ಥಿತಿಯಾಗಿತ್ತು.

ಡಾಕ್ಟರ್ ಸಾಹೇಬರು ಎರಡೂ ದೋಣಿಗಳನ್ನು ಅಕ್ಕಪಕ್ಕ ಇಟ್ಟು ಭೂತಗನ್ನಡಿ ಹಿಡಿದರು. ಕಾಲದಿಂದ ಅವರದರ ಬಣ್ಣ ಸ್ವಲ್ಪ ಇಳಿದಿತ್ತು. ನಮ್ಮದು ನಿನ್ನೆ ಅಚ್ಚಾದಂತಿತ್ತು. “ಮಾಶಾಲ್ಲಾ” ಎಂದರು, ಕೈಗವಸು ತೆಗೆದು ನನ್ನ ಕೈ ಕುಲುಕಿದರು. ನೂರು ವರ್ಷ ಎಂದು ನಾನು ಸುಮ್ಮನೆ ಹೇಳುವುದಿಲ್ಲ.

ಮಗಳು ಕಣ್ಣೊರೆಸಿಕೊಂಡು ನೆಟ್ಟಗೆ ಕೂತಳು. ಬೀಗದ ಕೈಯಿಂದ ದೋಣಿ ಕಪ್ಪೆಯನ್ನು ಬಿಚ್ಚಿ ನನ್ನ ಮುಂದಿಟ್ಟಳು. ಬಂಗಾರದ ಕಪ್ಪೆಯನ್ನು ತನ್ನ ಮುಂದಿಟ್ಟುಕೊಂಡಳು. ಸುತ್ತ ಜನ ಸೇರಿದ್ದರು.

“ನಂದು ನಿನಗ, ನಿಂದು ನನಗ. ಪಕ್ಕಾ?”

“ಅದು ನಿಂದ ಐತಿ ಹುಚ್ಚಿ, ಹಂಗ ತಗೋ. ಬಂಗಾರದ್ದು ನನಗ್ಯಾಕ?”

“ಇಲ್ಲಿ ಹಂಗ ಕೊಡೂದಿಲ್ಲಪ್ಪಾ. ಪಕ್ಕಾ?”

“ಪಕ್ಕಾ.”

“ಪಕ್ಕಾ?”

“ಪಕ್ಕಾ.”

ಮೂರನೆಯ ಸಲ ಅವಳು ಕೇಳಿದಾಗ ನಾನು ಅಂಗಿಯ ತೋಳಿನಿಂದ ಮುಖ ಒರೆಸಿಕೊಳ್ಳುತ್ತಿದ್ದೆ. ನನ್ನ ಪರವಾಗಿ ಡಾಕ್ಟರ್ ಸಾಹೇಬರೇ ಹೇಳಿದರು.

ದೋಣಿ ಕಪ್ಪೆ ಒಂಬತ್ತನೆಯ ಜೇಬಿಗೆ ಸಲೀಸಾಗಿ ಇಳಿಯಲಿಲ್ಲ. ನನ್ನ ಪ್ಲಾಸ್ಟಿಕ್ಕಿನ ಅಂಚು ಅಡ್ಡ ಬಂತು. ಅಲ್ಲೇ ಕತ್ತರಿ ಕೇಳಿ ಪಡೆದು, ಮೈ ಬೆವರಿಸಿಕೊಂಡು, ಕೂದಲೆಳೆಯಷ್ಟು ಕತ್ತರಿಸಿ ಕೊಟ್ಟೆ. ಪುಟ ತುಂಬಿತು. ಜನ ಚಪ್ಪಾಳೆ ತಟ್ಟಿದರು, ಆಲ್ಬಮ್ ಕೈಯಿಂದ ಕೈಗೆ ಹೋಯಿತು. ಎಂಟು ಕಾರ್ಡುಗಳನ್ನು ಎಲ್ಲರೂ ದೂರದಿಂದ ನೋಡಿದರು, ಒಂಬತ್ತನೆಯದನ್ನು ಎಲ್ಲರೂ ಮುಟ್ಟಿದರು.

ಹೊರಟು ನಿಂತಾಗ ಡಾಕ್ಟರ್ ಸಾಹೇಬರು ನನ್ನ ಜೇಬಿನತ್ತ ಬೆರಳು ತೋರಿಸಿದರು. “ಸಾಬ್, ಬಂಗಾರದ ಕಪ್ಪೆಯಲ್ಲಿ ಕೊಡೆಯ ಕೆಳಗೆ ಒಂದು ಗುಳ್ಳೆ ಇದೆ. ಭೂತಗನ್ನಡಿಯಲ್ಲಿ ಮೊದಲೇ ಕಂಡಿತ್ತು, ಬೇಜಾರಾಗ್ತೀರಂತ ಹೇಳಲಿಲ್ಲ.”

ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ. ಇತ್ತು. ಸಾಸಿವೆಗಿಂತ ಸಣ್ಣದು, ಆದರೆ ಗುಳ್ಳೆಯೇ. ಹಿಂದಿನ ದಿನ ಅಭಿಮಾನದ ಭರದಲ್ಲಿ ನಾನು ಬೆಳಕಿಗೆ ಹಿಡಿದು ನೋಡಿರಲಿಲ್ಲ. ಮಾತು ಕೊಟ್ಟ ಮೇಲೆ ತಪ್ಪಬಾರದು, ಕೆಳಗಿಳಿದು ಮೂವರೂ ಚಹಾ ಕುಡಿದೆವು.

ಮನೆಗೆ ಬಂದು ಕತೆ ಹೇಳಿದಾಗ ಹೆಂಡತಿ, “ಕಂಕುಳದಾಗ ಕೂಸು ಇಟ್ಗೊಂಡು ಊರೆಲ್ಲಾ ಹುಡುಕಿದ್ರಂತ” ಎಂದು ನಕ್ಕು, ಸ್ಟಿಕ್ಕರ್ ಸುಲಿದದ್ದಕ್ಕೆ ದೇವರ ಮುಂದೆ ತಪ್ಪುಕಾಣಿಕೆ ಇಡಿಸಿದಳು.

ಈಗ ಅಂಗಡಿಯ ಬೀಗದ ಕೈಯಲ್ಲಿ ಬಂಗಾರದ ಕಪ್ಪೆ ತೂಗುತ್ತದೆ. ಬೆಳಿಗ್ಗೆ ಶಟರ್ ಎತ್ತುವಾಗ ಬಿಸಿಲು ಬಿದ್ದು ಅವನ ಕೊಡೆ ಹೊಳೆಯುತ್ತದೆ. ಇಂಜಿನಿಯರಮ್ಮ ಮೊದಲ ಸಲ ನೋಡಿದಾಗ ತಲೆ ಮೇಲೆ ಕೈ ಹೊತ್ತು, “ಅಯ್ಯೋ, ಸ್ಕೂಟರು ಹೋಯ್ತಲ್ಲ ಮಾರಾಯ್ರೆ! ಮೇಲೆ ಒಂದು ದೇವರನ್ನಾದರೂ ಅಂಟಿಸಿ, ಯಾರಾದ್ರೂ ನೋಡಿ ನಗ್ತಾರೆ” ಎಂದರು.

ಅಂಟಿಸುವುದಿಲ್ಲ ಎಂದೆ. ನನ್ನ ಮಗಳು ಕೊಟ್ಟದ್ದು, ಎಲ್ಲರೂ ನೋಡಲಿ.